ನಾಲ್ಕು ಸಾವಿರ ಬೈಟುಗಳಲ್ಲಿ ಒಂದು ಸಾಹಸಲೋಕ

ಏಳು ಸಮುದ್ರಗಳ ಆಚೆ ಒಂದು ಮರ, ಆ ಮರದ ಪೊಟರೆಯಲ್ಲಿ ಒಂದು ಗಿಳಿ, ಆ ಗಿಳಿಯಲ್ಲಿ ರಾಕ್ಷಸನ ಜೀವ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದ ಕತೆಗಳಿಗೂ, ಈಗಿನ ಮಕ್ಕಳು ಪರದೆಯ ಮುಂದೆ ಕುಳಿತು ಆಡುವ ಅದ್ಭುತಸಾಹಸದ ಆಟಗಳಿಗೂ ಹತ್ತಿರದ ನಂಟುಂಟು. ಎರಡರಲ್ಲಿಯೂ ಕೋಟೆಯುಂಟು, ಕೋಟೆಗೆ ಬೀಗವುಂಟು, ಬೀಗದ ಕೈ ಇರಬೇಕಾದಲ್ಲಿ ಇರುವುದಿಲ್ಲ. ಆದರೆ ಕತೆಯಲ್ಲಿ ರಾಜಕುಮಾರನು ಕವಲುದಾರಿಯಲ್ಲಿ ಎಡಕ್ಕೆ ಹೋದನೋ ಬಲಕ್ಕೆ ಹೋದನೋ ಎಂಬುದನ್ನು ಅಜ್ಜಿ ಹೇಳುತ್ತಾಳೆ. ಆಟದಲ್ಲಿ ಅದನ್ನು ನಿರ್ಧರಿಸುವ ಹಕ್ಕು ಕೇಳುಗನದು. ಈ ಒಂದು ಹಕ್ಕು ಕೈಬದಲಾದ ಕೂಡಲೆ ಕತೆಗಾರನ ಕೆಲಸವೂ ಬೇರೆಯಾಗುತ್ತದೆ. ಅವನು ಕತೆಯನ್ನು ಹೇಳಿ ಮುಗಿಸುವಂತಿಲ್ಲ. ಕತೆಗಳು ನಡೆಯಬಹುದಾದ ಒಂದು ಊರನ್ನೇ ಕಟ್ಟಿಕೊಡಬೇಕು. ಯಾವ ದಾರಿಯಲ್ಲಿ ಯಾರು ಬಂದರೂ ಆ ಊರು ಕುಸಿಯಬಾರದು.

ಅಂಥ ಒಂದು ಊರನ್ನು ಒಬ್ಬನೇ ಒಬ್ಬ ತರುಣನು ಬೊಗಸೆಯಷ್ಟು ಸಾಮಗ್ರಿಯಿಂದ ಕಟ್ಟಿದ ಬಗೆಯನ್ನು ಇಲ್ಲಿ ವಿವರಿಸಬೇಕೆಂದಿದ್ದೇನೆ. ಆಟದ ಹೆಸರು 'ಅಡ್ವೆಂಚರ್'. ಕಟ್ಟಿದವನು ವಾರೆನ್ ರಾಬಿನೆಟ್. ಮಾರಿದವರು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದ ಅಟಾರಿ ಸಂಸ್ಥೆಯವರು. ೧೯೭೯ರ ನಡುವಿನಲ್ಲಿ ಅದು ಪೂರ್ಣವಾಯಿತು, ೧೯೮೦ರಲ್ಲಿ ಅಂಗಡಿಗಳಿಗೆ ಬಂದಿತು. ಭಾಷಾಸಾಹಿತ್ಯಗಳಿಗೆ ಮೀಸಲಾದ ಪುಟಗಳಲ್ಲಿ ಆಟದ ಮಾತೇಕೆ ಎಂದು ಅಧ್ಯಾಪಕ ಬಂಧುಗಳು ಕೇಳಬಹುದು. ಆ ಆಟ ಹುಟ್ಟಿದ್ದು ಮಾತಿನಿಂದ. ಮಾತನ್ನು ಬಿಟ್ಟುಕೊಟ್ಟು ಅದು ಏನನ್ನು ಗಳಿಸಿತು, ಏನನ್ನು ಕಳೆದುಕೊಂಡಿತು ಎಂಬ ಲೆಕ್ಕ ಭಾಷೆ ಕಲಿಸುವವರಿಗೆ ಉಪಯೋಗವಾದೀತು.

ಮೊದಲು ಅದರ ಹಿರಿಯಣ್ಣನ ವಿಷಯ. ವಿಲ್ ಕ್ರೌದರ್ ಎಂಬಾತ ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವ ಕೆಲಸದವನು. ಬಿಡುವಿನಲ್ಲಿ ಗುಹೆಗಳನ್ನು ಹೊಕ್ಕು ನಕ್ಷೆ ತೆಗೆಯುವ ಹವ್ಯಾಸಿ. ಅಮೆರಿಕದ ಕೆಂಟಕಿ ಪ್ರಾಂತದಲ್ಲಿ ಮ್ಯಾಮತ್ ಗುಹೆ ಎಂಬ ಬಹು ವಿಸ್ತಾರವಾದ ನೆಲಗುಹೆಯುಂಟು. ಅದರ ಒಂದು ಭಾಗವನ್ನು ಆತ ಚೆನ್ನಾಗಿ ಬಲ್ಲವನಾಗಿದ್ದ. ಹೆಂಡತಿಯಿಂದ ಬೇರೆಯಾದ ಮೇಲೆ, ತನ್ನ ಹೆಣ್ಣುಮಕ್ಕಳಿಗೆ ಆಡಲು ಏನಾದರೂ ಇರಲಿ ಎಂದು, ೧೯೭೫-೭೬ರ ಸುಮಾರಿನಲ್ಲಿ ಆ ಗುಹೆಯನ್ನೇ ಕಂಪ್ಯೂಟರಿನೊಳಗೆ ಮಾತುಗಳಲ್ಲಿ ಕಟ್ಟಿದ. ಪರದೆಯ ಮೇಲೆ ಚಿತ್ರವಿಲ್ಲ. ನೀವು ಇಂಥ ಕಡೆ ನಿಂತಿದ್ದೀರಿ, ಮುಂದೆ ಇಂಥ ದಾರಿಯಿದೆ ಎಂದು ಯಂತ್ರವು ಬರೆದು ತೋರಿಸುತ್ತದೆ. ಆಡುವವನು ಒಂದೆರಡು ಶಬ್ದಗಳನ್ನು ಒತ್ತಿ ಉತ್ತರ ಹೇಳುತ್ತಾನೆ. ಸ್ಟ್ಯಾನ್‌ಫರ್ಡಿನಲ್ಲಿದ್ದ ಡಾನ್ ವುಡ್ಸ್ ಎಂಬ ವಿದ್ಯಾರ್ಥಿ ೧೯೭೭ರಲ್ಲಿ ಅದನ್ನು ಹಿಗ್ಗಿಸಿ, ಮಾಯಾಮಂತ್ರಗಳನ್ನೂ ನಿಧಿಗಳನ್ನೂ ಹೆಚ್ಚಾಗಿ ಸೇರಿಸಿದ. ಹೀಗೆ ನಿಜವಾದ ಗುಹೆಯೊಂದು ಅದ್ಭುತಲೋಕವಾಯಿತು.

ಅದರಲ್ಲಿ ಒಂದು ಸಣ್ಣ ಸಂಗತಿ ನಮ್ಮಂಥವರ ಗಮನಕ್ಕೆ ಬರತಕ್ಕದ್ದು. ಆಡುವವನು ಒತ್ತಿದ ಪ್ರತಿಯೊಂದು ಶಬ್ದದ ಮೊದಲ ಐದು ಅಕ್ಷರಗಳನ್ನು ಮಾತ್ರ ಆ ಪ್ರೋಗ್ರಾಮು ಓದುತ್ತಿತ್ತು. ಆತ ಬಳಸಿದ ಪಿಡಿಪಿ-೧೦ ಯಂತ್ರದ ನೆನಪಿನ ಒಂದೊಂದು ಮನೆಗೆ ೩೬ ಬಿಟ್ಟುಗಳ ಅಗಲ. ಒಂದು ರೋಮನ್ ಅಕ್ಷರಕ್ಕೆ ೭ ಬಿಟ್ಟಿನಂತೆ ಅದರಲ್ಲಿ ಐದೇ ಹಿಡಿಯುತ್ತವೆ. ಒಂದು ಶಬ್ದಕ್ಕೆ ಒಂದು ಮನೆ ಸಾಕು ಎಂದು ಮಾಡಿದ ಏರ್ಪಾಡು ಇದು. ಕನ್ನಡದಲ್ಲಿ ಹೀಗೆ ತುದಿ ಕತ್ತರಿಸಿದರೆ ಏನಾಗುತ್ತಿತ್ತು? ನಮ್ಮಲ್ಲಿ ವಿಭಕ್ತಿಪ್ರತ್ಯಯಗಳು ಬಾಲದಲ್ಲಿ ಹತ್ತಿಕೊಳ್ಳುವುದರಿಂದ 'ಕತ್ತಿಯನ್ನು', 'ಕತ್ತಿಯಿಂದ', 'ಕತ್ತಿಗೆ' ಎಂಬ ಮೂರೂ 'ಕತ್ತಿ' ಎಂಬಲ್ಲಿಗೆ ಬಂದು ನಿಲ್ಲುತ್ತವೆ. ಶಬ್ದಪಟ್ಟಿ ಮಾಡುವವನಿಗೆ ಇದು ಅನುಕೂಲವೇ ಸರಿ. ಆದರೆ ಕತ್ತಿಯಿಂದ ಹೊಡೆದನೋ ಕತ್ತಿಯನ್ನು ಹೊಡೆದನೋ ಎಂಬುದು ಆ ಬಾಲದೊಡನೆಯೇ ಹೋಗಿಬಿಡುತ್ತದೆ. ಕರ್ಮಕ್ಕೂ ಕರಣಕ್ಕೂ ಭೇದವೇ ಉಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಎರಡೇ ಶಬ್ದಗಳ ಆಜ್ಞೆ ಸಾಕಾದುದಕ್ಕೆ ಆ ಭಾಷೆಯ ಜಾಯಮಾನವೂ ಒಂದು ಕಾರಣವೆಂದು ನನಗೆ ತೋರುತ್ತದೆ.

೧೯೭೮ರಲ್ಲಿ ರಾಬಿನೆಟ್ ಈ ಮಾತಿನ ಗುಹೆಯನ್ನು ಸ್ಟ್ಯಾನ್‌ಫರ್ಡಿನ ಪ್ರಯೋಗಶಾಲೆಯೊಂದರಲ್ಲಿ ಆಡಿ ನೋಡಿದ. ಬರ್ಕ್‌ಲಿಯಲ್ಲಿ ಸ್ನಾತಕೋತ್ತರ ಪದವಿ ಪಡೆದು, ೧೯೭೭ರ ನವೆಂಬರಿನಲ್ಲಿ ಅಟಾರಿಯ ಕೆಲಸಕ್ಕೆ ಸೇರಿದ್ದವನು. ಇಂಥ ಆಟವನ್ನು ಮನೆಯ ದೂರದರ್ಶನ ಪೆಟ್ಟಿಗೆಯ ಮೇಲೆ ಚಿತ್ರರೂಪದಲ್ಲಿ ತರಬಹುದಲ್ಲವೆ ಎಂಬ ಯೋಚನೆ ಆತನಿಗೆ ಬಂದಿತು. ಮೇಲಧಿಕಾರಿ ಆಗದೆಂದು ಹೇಳಿದ. ಹೇಳಿದುದಕ್ಕೆ ಕಾರಣವೂ ಇತ್ತು. ಕ್ರೌದರನ ಆಟಕ್ಕೆ ಕೋಣೆಯಷ್ಟು ದೊಡ್ಡ ಯಂತ್ರವೂ ನೂರಾರು ಸಾವಿರ ಬೈಟುಗಳ ನೆನಪೂ ಬೇಕಾಗಿದ್ದವು. ಅಟಾರಿಯವರು ೧೯೭೭ರಲ್ಲಿ ಮಾರಲು ತೊಡಗಿದ ಮನೆಯಾಟದ ಪೆಟ್ಟಿಗೆಯಲ್ಲಿ, ಆಟ ನಡೆಯುವಾಗ ಬರೆದು ಅಳಿಸಲು ಇದ್ದ ಜಾಗ ೧೨೮ ಬೈಟು. ಪ್ರೋಗ್ರಾಮು, ಚಿತ್ರ, ಸದ್ದು ಎಲ್ಲವನ್ನೂ ಅಚ್ಚೊತ್ತಿಡುವ ಕಾರ್ಟ್ರಿಜ್ಜಿನಲ್ಲಿ ೪೦೯೬ ಬೈಟು.

ಈ ಅಂಕಿಗಳು ಬರಿದೆ ಅಂಕಿಗಳಾಗಿ ಉಳಿಯಬಾರದು. ಈಗ ಕನ್ನಡವನ್ನು ಕಂಪ್ಯೂಟರಿನಲ್ಲಿ ಶೇಖರಿಸುವ ಯೂನಿಕೋಡ್ ಪದ್ಧತಿಯಲ್ಲಿ, ಸಾಮಾನ್ಯವಾಗಿ ಬಳಕೆಯಲ್ಲಿರುವ ರೂಪದಂತೆ, 'ಕ' ಎಂಬುದಕ್ಕೆ ೩ ಬೈಟು, 'ಕಾ' ಎಂಬುದಕ್ಕೆ ೬ ಬೈಟು, 'ಸ್ತ್ರೀ' ಎಂಬ ಒಂದಕ್ಷರಕ್ಕೆ ೧೮ ಬೈಟು ಬೇಕು. 'ಸ್ತ್ರೀ' ಎಂದು ಏಳು ಸಲ ಬರೆದರೆ ೧೨೬ ಬೈಟು ತೀರಿತು. ರಾಬಿನೆಟ್ಟನ ಬರೆಯುವ ಹಲಗೆ ತುಂಬಿತು. ಇನ್ನು ೪೦೯೬ ಬೈಟುಗಳಲ್ಲಿ ಈ ಲೇಖನದ ಆರಂಭದಿಂದ ಇಲ್ಲಿಯವರೆಗೆ ಬಂದಿರುವ ಭಾಗವೂ ಹಿಡಿಸಲಾರದು. ಅಷ್ಟರಲ್ಲಿ ಆತ ಮೂವತ್ತು ಕೋಣೆಗಳು, ಮೂರು ಕೋಟೆಗಳು, ಮೂರು ಘಟಸರ್ಪಗಳು, ಒಂದು ಬಾವಲಿ, ಒಂದು ಕತ್ತಿ, ಒಂದು ಸೇತುವೆ, ಒಂದು ಸೂಜಿಗಲ್ಲು, ಮೂರು ಬೀಗದ ಕೈಗಳು, ಇವೆಲ್ಲದರ ಗುರಿಯಾದ ಒಂದು ಮಾಯಾಪಾತ್ರೆ, ಇಷ್ಟನ್ನು ಅಡಕಮಾಡಬೇಕಾಗಿತ್ತು.

ಜಾಗ ಕಡಮೆ ಎಂಬುದು ಒಂದು ಕಷ್ಟ. ಚಿತ್ರ ಬರೆಯುವ ಸಾಧನ ಕಡಮೆ ಎಂಬುದು ಇನ್ನೊಂದು. ಆ ಪೆಟ್ಟಿಗೆಯಲ್ಲಿ ಇಡೀ ಪರದೆಯ ಚಿತ್ರವನ್ನು ಒಮ್ಮೆಗೆ ಬರೆದಿಡುವ ನೆನಪು ಇರಲೇ ಇಲ್ಲ. ದೂರದರ್ಶನದ ಕಿರಣವು ಸೆಕೆಂಡಿಗೆ ೬೦ ಸಲ, ಒಂದೊಂದು ಸಲಕ್ಕೆ ೨೬೨ ಗೆರೆಗಳಂತೆ, ಮೇಲಿನಿಂದ ಕೆಳಕ್ಕೆ ಓಡುತ್ತಿದ್ದರೆ, ಪ್ರೋಗ್ರಾಮು ಅದರ ಜೊತೆಗೇ ಓಡುತ್ತ, ಒಂದೊಂದು ಗೆರೆಗೂ ಏನು ಬರೆಯಬೇಕೆಂದು ಆಯಾ ಕ್ಷಣದಲ್ಲೇ ಹೇಳಬೇಕು. ಒಂದು ಗೆರೆಗೆ ದೊರೆಯುವ ಅವಕಾಶ ಯಂತ್ರದ ೭೬ ತಾಳಗಳಷ್ಟು. ಭಾಗವತನು ಪದ ಹೇಳುತ್ತಿರುವಾಗಲೇ ಮುಂದಿನ ಪದವನ್ನು ಕಟ್ಟಿಕೊಡಬೇಕಾದವನ ಪಾಡು ಅದು. ಸರ್ಪ ಎತ್ತ ಚಲಿಸಬೇಕು, ಬಾವಲಿ ಏನನ್ನು ಕದಿಯಬೇಕು ಎಂಬ ವಿಚಾರಕ್ಕೆಲ್ಲ ಕಿರಣವು ತಳವನ್ನು ಮುಟ್ಟಿ ಮತ್ತೆ ಮೇಲಕ್ಕೆ ಹೋಗುವ ಸಣ್ಣ ಬಿಡುವೇ ಗತಿ.

ಬರೆಯತಕ್ಕ ವಸ್ತುಗಳಾದರೂ ಎಷ್ಟು? ಎಂಟು ಚುಕ್ಕಿ ಅಗಲದ ಎರಡು ಆಕೃತಿಗಳು, ಎರಡು ಗುಂಡುಗಳು, ಒಂದು ಚೆಂಡು, ಹಿನ್ನೆಲೆಯ ಗೋಡೆ, ಇಷ್ಟೆ. ಎರಡು ಟ್ಯಾಂಕುಗಳು ಪರಸ್ಪರ ಗುಂಡು ಹಾರಿಸುವುದು, ಇಬ್ಬರು ಚೆಂಡಾಡುವುದು, ಇಂಥ ಆಟಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಯಂತ್ರವನ್ನು ರಚಿಸಿದ್ದರು. ರಾಬಿನೆಟ್ ಎರಡು ಆಕೃತಿಗಳನ್ನು ಕೋಣೆಯಲ್ಲಿರುವ ವಸ್ತುಗಳಿಗೂ ಪ್ರಾಣಿಗಳಿಗೂ ಬಿಟ್ಟುಕೊಟ್ಟ. ಹಾಗಾದರೆ ನಾಯಕನಿಗೆ ಉಳಿದದ್ದು ಏನು? ಚೆಂಡು. ಆದುದರಿಂದ ಈ ಸಾಹಸದ ವೀರನು ಒಂದು ಪುಟ್ಟ ಚೌಕ. ಅವನಿಗೆ ಕೈಯಿಲ್ಲ, ಕಾಲಿಲ್ಲ, ಮೋರೆಯಿಲ್ಲ. ಚೆಂಡಿಗೂ ಗೋಡೆಗೂ ಯಂತ್ರದಲ್ಲಿ ಒಂದೇ ಬಣ್ಣದ ಕೋಷ್ಠವಿದ್ದುದರಿಂದ ಯಾವ ಕೋಣೆಗೆ ಹೋದರೆ ಆ ಕೋಣೆಯ ಗೋಡೆಯ ಬಣ್ಣವೇ ಅವನ ಮೈಬಣ್ಣ. ಇದನ್ನು ನೋಡಿ ನಗಬೇಕಾಗಿಲ್ಲ. ಬಯಲಾಟದಲ್ಲಿ ಒಂದೇ ಮಣೆ ಸಿಂಹಾಸನವೂ ರಥವೂ ಬೆಟ್ಟವೂ ಆಗುವುದನ್ನು ಕಾಸರಗೋಡಿನ ಕಡೆಯ ಹುಡುಗನೂ ಬಲ್ಲ. ಘಟಸರ್ಪಗಳು ಬಾತುಕೋಳಿಗಳಂತೆ ಕಾಣುತ್ತವೆ ಎಂಬ ಆಕ್ಷೇಪಣೆಗೆ ಮಾತ್ರ ಉತ್ತರವಿಲ್ಲ; ಅವು ಹಾಗೆಯೇ ಕಾಣುತ್ತವೆ. ಒಂದು ಕೋಣೆಯಲ್ಲಿ ಎರಡಕ್ಕಿಂತ ಹೆಚ್ಚು ವಸ್ತುಗಳು ಕೂಡಿದರೆ ಅವುಗಳನ್ನು ಸರದಿಯ ಮೇಲೆ ತೋರಿಸಬೇಕಾಗಿ, ಎಲ್ಲವೂ ಗಾಳಿಗೆ ಸಿಕ್ಕಿದ ದೀಪದಂತೆ ಮಿಣುಕುತ್ತವೆ. ಈ ಮಿಣುಕಾಟವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಕೆಲಸವಿದೆ.

ಎಲ್ಲಕ್ಕಿಂತ ಬಿಕ್ಕಟ್ಟಿನದು ಮಾತಿನ ಪ್ರಶ್ನೆ. ಕ್ರೌದರನ ಆಟದಲ್ಲಿ ಹೋಗು, ತೆಗೆದುಕೋ, ಬಿಡು, ತೆರೆ, ಹೊತ್ತಿಸು, ಎಸೆ ಎಂದು ಹತ್ತಾರು ಕ್ರಿಯಾಪದಗಳಿದ್ದವು. ಅಟಾರಿಯ ಪೆಟ್ಟಿಗೆಗೆ ಅಕ್ಷರದ ಮಣೆಯೇ ಇಲ್ಲ. ಆಡುವವನ ಕೈಯಲ್ಲಿ ನಾಲ್ಕು ದಿಕ್ಕಿಗೆ ಬಾಗುವ ಒಂದು ಕೋಲು, ಅದರ ಪಕ್ಕದಲ್ಲಿ ಒಂದು ಗುಂಡಿ. ರಾಬಿನೆಟ್ ಮಾಡಿದ ಅನುವಾದ ಹೀಗಿದೆ: ದಿಕ್ಕುಗಳಿಗೆ ಕೋಲು, 'ತೆಗೆದುಕೋ' ಎಂಬುದಕ್ಕೆ ವಸ್ತುವನ್ನು ಮುಟ್ಟುವುದು, 'ಬಿಡು' ಎಂಬುದಕ್ಕೆ ಗುಂಡಿ. ಒಮ್ಮೆಗೆ ಒಂದೇ ವಸ್ತುವನ್ನು ಹೊರಬಹುದು. ಉಳಿದ ಕ್ರಿಯಾಪದಗಳೆಲ್ಲ ಎಲ್ಲಿ ಹೋದವು? ನಾಮಪದಗಳ ಹೊಟ್ಟೆಯೊಳಕ್ಕೆ ಹೋದವು. ಬೀಗದ ಕೈಯನ್ನು ಕೋಟೆಯ ಬಾಗಿಲಿಗೆ ತಾಗಿಸಿದರೆ ತೆರೆಯುತ್ತದೆ. ಕತ್ತಿಯನ್ನು ಸರ್ಪಕ್ಕೆ ತಾಗಿಸಿದರೆ ಅದು ಸಾಯುತ್ತದೆ. ಸೇತುವೆಯನ್ನು ಗೋಡೆಯ ಮೇಲೆ ಇಟ್ಟರೆ ದಾಟಬಹುದು. ಸೂಜಿಗಲ್ಲನ್ನು ತಂದರೆ ಗೋಡೆಯಲ್ಲಿ ಸಿಕ್ಕಿಕೊಂಡ ವಸ್ತು ತಾನಾಗಿ ಎಳೆದು ಬರುತ್ತದೆ. ಪ್ರತಿಯೊಂದು ವಸ್ತುವಿಗೂ ಒಂದು ಸ್ವಭಾವ. ಆ ಸ್ವಭಾವವೇ ಅದರ ಕ್ರಿಯೆ. ವಾಕ್ಯವನ್ನು ಕಟ್ಟುವ ಬದಲು ಆಡುವವನು ವಸ್ತುಗಳನ್ನು ಪಕ್ಕಪಕ್ಕದಲ್ಲಿ ಇಡುತ್ತಾನೆ, ಅರ್ಥ ಉಂಟಾಗುತ್ತದೆ.

ಹೀಗೆ ಮಾಡಿದುದರಿಂದ ಓದು ಬಾರದ ಮಗುವೂ, ಇಂಗ್ಲಿಷು ತಿಳಿಯದವನೂ ಆಟವನ್ನು ಆಡಬಲ್ಲವನಾದ. ಇದು ದೊಡ್ಡ ಗಳಿಕೆ. ಆದರೆ ಹೊತ್ತಿಸುವುದು, ಕೇಳುವುದು, ಕೊಡುವುದು, ಮೋಸಗೊಳಿಸುವುದು, ಬೇಡಿಕೊಳ್ಳುವುದು, ಇವೆಲ್ಲ ಆ ಲೋಕದಿಂದ ಮಾಯವಾದವು. ಸರ್ಪದೊಡನೆ ಸಂಧಾನವಿಲ್ಲ, ಕೊಲ್ಲು ಅಥವಾ ಓಡು. ಮಾತಿಲ್ಲದ ಲೋಕದಲ್ಲಿ ಬಲವೇ ವ್ಯವಹಾರ ಎಂಬುದು ಈ ಆಟದ ದೋಷವೆಂದು ನಾನು ಹೇಳುವುದಿಲ್ಲ, ಆದರೆ ಅದು ತೆತ್ತ ಬೆಲೆ ಎಂಬುದನ್ನು ಮರೆಯಬಾರದು. ಮುಂದೆ ಬಂದ ಎಷ್ಟೋ ಸಾಹಸದ ಆಟಗಳು ನೆನಪೂ ಸಾಧನಗಳೂ ಯಥೇಚ್ಛವಾಗಿದ್ದ ಕಾಲದಲ್ಲಿಯೂ ಇದೇ ಬೆಲೆಯನ್ನು ತೆರುತ್ತ ಬಂದಿವೆ. ಅವಕ್ಕೆ ಈ ನೆವವಿಲ್ಲ.

ಕೋಣೆಗಳನ್ನು ಅಡಕಮಾಡಿದ ರೀತಿ ಇನ್ನೂ ಸ್ವಾರಸ್ಯವಾಗಿದೆ. ಗೋಡೆಯ ಚಿತ್ರದಲ್ಲಿ ಎಡದ ಅರ್ಧವನ್ನು ಮಾತ್ರ ಬರೆದಿಟ್ಟರೆ ಸಾಕು. ಬಲದ ಅರ್ಧವನ್ನು ಅದರ ಪ್ರತಿಬಿಂಬವಾಗಿಯೋ ಪುನರಾವೃತ್ತಿಯಾಗಿಯೋ ಯಂತ್ರವೇ ತುಂಬಿಕೊಳ್ಳುತ್ತದೆ. ಒಂದು ಸಾಲಿಗೆ ೩ ಬೈಟು, ಏಳು ಸಾಲು. ೨೧ ಬೈಟಿಗೆ ಒಂದು ಕೋಣೆಯ ಗೋಡೆ. ಅದರಲ್ಲಿಯೂ ಹಲವು ಕೋಣೆಗಳಿಗೆ ಒಂದೇ ಚಿತ್ರ. ಬಣ್ಣ ಮಾತ್ರ ಬೇರೆ. ಮೂರು ಕೋಟೆಗಳೂ ಒಂದೇ ಕೋಟೆ: ಹಳದಿ ಬಳಿದದ್ದು, ಬಿಳಿ ಬಳಿದದ್ದು, ಕಪ್ಪು ಬಳಿದದ್ದು. ಆಡುವವನಿಗೆ ಮಾತ್ರ ಮೂರು ಬೇರೆ ಬೇರೆ ಭಯಗಳು.

ಕೋಣೆಯಿಂದ ಕೋಣೆಗೆ ದಾರಿಯೆಂಬುದು ನಾಲ್ಕು ಅಂಕಿಗಳ ಪಟ್ಟಿ. ಇದನ್ನು ಯಾವ ಅಧ್ಯಾಪಕರೂ ಕರಿಹಲಗೆಯ ಮೇಲೆ ಬರೆದು ತೋರಿಸಬಹುದು. ಒಂದನೆಯ ಕೋಣೆ: ಬಡಗಣಕ್ಕೆ ಹೋದರೆ ೨, ಮೂಡಣಕ್ಕೆ ೫, ತೆಂಕಣಕ್ಕೆ ೩, ಪಡುವಣಕ್ಕೆ ೪. ಎರಡನೆಯ ಕೋಣೆಗೆ ಹಾಗೆಯೇ ಇನ್ನೊಂದು ಸಾಲು. ಹತ್ತು ಸಾಲು ಬರೆದರೆ ಒಂದು ಊರಾಯಿತು. ನೆಲದ ಮೇಲಿನ ಊರಿಗೆ ಇರುವ ಕಟ್ಟುಪಾಡು ಇದಕ್ಕಿಲ್ಲ ಎಂಬುದು ಇದರ ಮರ್ಮ: ೧ರಿಂದ ಮೂಡಣಕ್ಕೆ ಹೋಗಿ ೫ನ್ನು ಸೇರಿದವನು, ಅಲ್ಲಿಂದ ಪಡುವಣಕ್ಕೆ ತಿರುಗಿದರೆ ೧ಕ್ಕೇ ಬರಬೇಕೆಂಬ ನಿಯಮವಿಲ್ಲ. ಅಂಕಿಯೊಂದನ್ನು ಬದಲಿಸಿದರೆ ಸಾಕು, ಚಕ್ರವ್ಯೂಹ ತಯಾರು. ಅದಕ್ಕೆ ಒಂದು ಬೈಟೂ ಹೆಚ್ಚು ಖರ್ಚಿಲ್ಲ. ರಾಬಿನೆಟ್ಟನ ಚಕ್ರವ್ಯೂಹಗಳಲ್ಲಿ ಕೆಲವು ಕತ್ತಲಿನವು. ನಾಯಕನ ಸುತ್ತ ಒಂದಿಷ್ಟು ಜಾಗ ಮಾತ್ರ ಕಾಣುತ್ತದೆ. ಆ ಬೆಳಕಿನ ತೇಪೆಯೂ ಯಂತ್ರದ ಎರಡು ಆಕೃತಿಗಳಲ್ಲಿ ಒಂದನ್ನು ಅಗಲಮಾಡಿ ಹೊಂದಿಸಿದ್ದು.

ಗಡಿನಾಡಿನ ತರಗತಿಗಳಲ್ಲಿ ಮನೆಮಾತು ತುಳುವೋ ಮಲೆಯಾಳವೋ ಮರಾಠಿಯೋ ತೆಲುಗೋ ಆಗಿರುವ ಮಕ್ಕಳು ಕನ್ನಡವನ್ನು ಕಲಿಯಲು ಕುಳಿತಿರುತ್ತಾರೆ. ಅಲ್ಲಿ ಇಂಥ ಕೋಷ್ಟಕವೊಂದನ್ನು ಕಾಗದದ ಮೇಲೆ ಮಾಡಿ, ಒಂದೊಂದು ಕೋಣೆಯನ್ನೂ ಎರಡು ವಾಕ್ಯಗಳಲ್ಲಿ ಬಣ್ಣಿಸುವ ಕೆಲಸವನ್ನು ಒಬ್ಬೊಬ್ಬ ವಿದ್ಯಾರ್ಥಿಗೆ ಕೊಟ್ಟರೆ, ಒಂದು ಪೀರಿಯಡ್ಡಿನಲ್ಲಿ ಆಟ ಸಿದ್ಧವಾಗುತ್ತದೆ; ಕಂಪ್ಯೂಟರೇ ಬೇಕಿಲ್ಲ. ಹೀಗೆ ಮಾಡುವುದಾದರೆ ರಾಬಿನೆಟ್ಟನ ಮೂಕ ಆಟಕ್ಕಿಂತ ಕ್ರೌದರನ ಮಾತಿನ ಆಟವೇ ನಮಗೆ ಹೆಚ್ಚು ಒದಗುತ್ತದೆ. ಬೀಗದ ಕೈಯನ್ನು 'ಯಿಂದ' ಹಚ್ಚಿ ಹೇಳಿದವನಿಗೆ ಮಾತ್ರ ಬಾಗಿಲು ತೆರೆಯಲಿ.

ಇನ್ನು ೧೨೮ ಬೈಟುಗಳ ವಿಚಾರ. ಬದಲಾಗದೆ ಇರುವುದೆಲ್ಲ ಕಾರ್ಟ್ರಿಜ್ಜಿನಲ್ಲಿ. ಬದಲಾಗುವುದು ಮಾತ್ರ ಈ ಹಲಗೆಯಲ್ಲಿ. ಬದಲಾಗುವುದೆಂದರೆ ಯಾವ ವಸ್ತು ಯಾವ ಕೋಣೆಯಲ್ಲಿ, ಕೋಣೆಯ ಯಾವ ಜಾಗದಲ್ಲಿ ಇದೆ ಎಂಬುದು. ಕೋಣೆಗೆ ಒಂದು, ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು; ವಸ್ತುವೊಂದಕ್ಕೆ ಮೂರು ಬೈಟು. ಈ ಮಿತವ್ಯಯದಿಂದ ದೊರೆತ ಲಾಭ ಅಪೂರ್ವವಾದುದು. ಎಲ್ಲ ವಸ್ತುಗಳ ನೆಲೆಯೂ ಎಲ್ಲ ಕಾಲದಲ್ಲಿಯೂ ಯಂತ್ರಕ್ಕೆ ನೆನಪಿರುವುದರಿಂದ, ಆಡುವವನ ಕಣ್ಣಿಗೆ ಬೀಳದ ಕೋಣೆಗಳಲ್ಲಿಯೂ ವ್ಯವಹಾರ ನಡೆಯುತ್ತಲೇ ಇರುತ್ತದೆ. ಅದಕ್ಕಿಂತ ಮೊದಲಿನ ಮನೆಯಾಟಗಳಲ್ಲಿ ಪರದೆಯ ಮೇಲೆ ಕಂಡದ್ದಷ್ಟೇ ಲೋಕ. ಇಲ್ಲಿ ಪರದೆಯೆಂಬುದು ಕಿಟಕಿ. ಲೋಕ ಅದರಾಚೆಗೂ ಉಂಟು.

ಬಾವಲಿ ಇದರ ಸಾಕ್ಷಿ. ಅದು ಒಂದು ಕಡೆ ನಿಲ್ಲುವ ಪ್ರಾಣಿಯಲ್ಲ. ಕೋಣೆಯಿಂದ ಕೋಣೆಗೆ ಹಾರುತ್ತ, ಏನಾದರೂ ಕಂಡರೆ ತನ್ನ ಕಾಲಲ್ಲಿರುವುದನ್ನು ಬಿಟ್ಟು ಕಂಡದ್ದನ್ನು ಎತ್ತಿಕೊಂಡು ಹೋಗುತ್ತದೆ. ನಾಯಕನ ಕೈಯಿಂದಲೂ ಕಿತ್ತುಕೊಳ್ಳುತ್ತದೆ. ಇಲ್ಲಿಟ್ಟಿದ್ದ ಬೀಗದ ಕೈ ಎಲ್ಲಿ ಎಂದು ಆಡುವವನು ಹುಡುಕುತ್ತಿದ್ದರೆ ಅದು ಎಂಟು ಕೋಣೆಗಳಾಚೆ ಬಿದ್ದಿರುತ್ತದೆ. ಸರ್ಪಗಳಿಗೂ ಆಸೆ ಭಯಗಳ ಪಟ್ಟಿಯುಂಟು: ಯಾವುದನ್ನು ಕಂಡರೆ ಬೆನ್ನಟ್ಟಬೇಕು, ಯಾವುದನ್ನು ಕಾಯಬೇಕು, ಯಾವುದಕ್ಕೆ ಹೆದರಬೇಕು ಎಂದು ಅನುಕ್ರಮವಾಗಿ ಬರೆದಿಟ್ಟಿದೆ. ಯಾರ್ಗಲ್ ಎಂಬ ಹಳದಿ ಸರ್ಪ ಹಳದಿ ಬೀಗದ ಕೈಯನ್ನು ಕಂಡರೆ ಓಡುತ್ತದೆ. ಹಸುರಿನದು ಗ್ರಂಡಲ್, ಕೆಂಪಿನದು ರಿಂಡಲ್. ರಿಂಡಲ್ ಓಟದಲ್ಲಿ ಎಲ್ಲರಿಗಿಂತ ಬಿರುಸು. ಸರ್ಪವು ನಾಯಕನನ್ನು ನುಂಗಿದರೆ ಚೌಕವು ಅದರ ಹೊಟ್ಟೆಯಲ್ಲಿ ಕಾಣುತ್ತಲೇ ಇರುತ್ತದೆ. ಆಗ ಪೆಟ್ಟಿಗೆಯ ಮೇಲಿನ ಕೀಲೊಂದನ್ನು ಒತ್ತಿದರೆ ನಾಯಕನು ಹಳದಿ ಕೋಟೆಯ ಬಳಿ ಮತ್ತೆ ಹುಟ್ಟುತ್ತಾನೆ. ವಸ್ತುಗಳು ಇದ್ದಲ್ಲೇ ಇರುತ್ತವೆ, ಆದರೆ ಸತ್ತ ಸರ್ಪಗಳೂ ಎದ್ದು ಕೂರುತ್ತವೆ. ಪುನರ್ಜನ್ಮಕ್ಕೂ ಸುಂಕವುಂಟು.

ಈ ಸ್ವಭಾವಗಳೆಲ್ಲ ಬಿಡಿಬಿಡಿಯಾಗಿ ಬಲು ಸರಳ. ಕೂಡಿದಾಗ ಯಾರೂ ಬರೆದಿಡದ ಪ್ರಸಂಗಗಳು ಹುಟ್ಟುತ್ತವೆ. ಬಾವಲಿಯು ಸರ್ಪವನ್ನೂ ಎತ್ತಬಲ್ಲುದು. ಆದುದರಿಂದ ನಾಯಕನನ್ನು ನುಂಗಿ ಕುಳಿತ ಸರ್ಪವನ್ನು ಬಾವಲಿಯು ಎತ್ತಿಕೊಂಡು ಹಾರಿದರೆ, ಹೊಟ್ಟೆಯೊಳಗಿನ ನಾಯಕನೂ ಇಡೀ ರಾಜ್ಯವನ್ನು ಆಕಾಶಮಾರ್ಗದಲ್ಲಿ ಸುತ್ತಿಬರುತ್ತಾನೆ! ಇದಕ್ಕಾಗಿ ಒಂದು ಬೈಟನ್ನೂ ಪ್ರತ್ಯೇಕವಾಗಿ ವೆಚ್ಚಮಾಡಿಲ್ಲ. ಕತೆ ಬರೆಯಲು ಜಾಗವಿಲ್ಲದವನು ಸ್ವಭಾವಗಳನ್ನು ಬರೆದ. ಕತೆಗಳು ತಾವಾಗಿ ಆದವು. ಇಡೀ ಆಟದಲ್ಲಿ ನನಗೆ ಬಹಳ ಮೆಚ್ಚಿಕೆಯಾದ ಅಂಶ ಇದೇ.

ಕಾಲದ ವಿಷಯಕ್ಕೆ ಬರೋಣ. ಆಗ ಅಲ್ಲಿ ಒಂದು ಆಟಕ್ಕೆ ಒಬ್ಬನೇ ಕೆಲಸಗಾರ. ಪ್ರೋಗ್ರಾಮು, ಚಿತ್ರ, ಸದ್ದು, ನಿಯಮ, ಪರೀಕ್ಷೆ ಎಲ್ಲವೂ ಅವನದೇ. ಬೇಡವೆಂದ ಕೆಲಸವನ್ನು ರಾಬಿನೆಟ್ ಕೈಬಿಡಲಿಲ್ಲ. ಸುಮಾರು ಒಂದು ತಿಂಗಳಿನಲ್ಲಿ, ಕೋಣೆಯಿಂದ ಕೋಣೆಗೆ ಹೋಗಬಹುದಾದ, ವಸ್ತುವನ್ನು ಎತ್ತಿ ಇಳಿಸಬಹುದಾದ ಮಾದರಿಯೊಂದನ್ನು ಎಬ್ಬಿಸಿದ. ಮೂವತ್ತು ಕೋಣೆಗಳಿಲ್ಲ, ಬಾವಲಿಯಿಲ್ಲ. ಆದರೆ ಆಗುತ್ತದೆ ಎಂಬುದು ಕಣ್ಣಿಗೆ ಕಂಡಿತು. ಅವಸರದಲ್ಲಿ ದೊಡ್ಡದನ್ನು ಕಟ್ಟಬೇಕಾದವರು ಗಮನಿಸಬೇಕಾದ ಕ್ರಮವಿದು: ಕಳಸಕ್ಕೆ ಹೋಗುವ ಮುಂಚೆ ಒಂದು ಬಾಗಿಲು ತೆರೆದು ಮುಚ್ಚುವಂತಿರಲಿ. ಅಧಿಕಾರಿಗಳು ಆ ಮಾದರಿಯನ್ನು ಕಂಡು, ಆಗ ತೆರೆಗೆ ಬರಲಿದ್ದ 'ಸೂಪರ್‌ಮ್ಯಾನ್' ಚಲಚ್ಚಿತ್ರದ ಆಟವನ್ನಾಗಿ ಅದನ್ನು ಮಾಡೆಂದರು. ಅದನ್ನು ಜಾನ್ ಡನ್ ಎಂಬ ಸಹೋದ್ಯೋಗಿ ವಹಿಸಿಕೊಂಡು, ರಾಬಿನೆಟ್ಟನ ಪ್ರೋಗ್ರಾಮಿನ ಬುನಾದಿಯ ಮೇಲೆಯೇ ಬೇರೊಂದು ಆಟವನ್ನು ಕಟ್ಟಿ ೧೯೭೯ರಲ್ಲಿ ಹೊರತಂದ. ಹೀಗಾಗಿ ಮೂಲಕ್ಕಿಂತ ಅದರ ಕವಲು ಮೊದಲು ಬೆಳಕು ಕಂಡಿತು. ರಾಬಿನೆಟ್ ತನ್ನ ಸರ್ಪಗಳೊಡನೆ ಉಳಿದ. ಅಟಾರಿಯಲ್ಲಿದ್ದ ಎರಡು ವರ್ಷಕ್ಕೂ ಕಡಮೆಯ ಅವಧಿಯಲ್ಲಿ ಆತ ರಚಿಸಿದ ಮೂರು ಕಾರ್ಟ್ರಿಜ್ಜುಗಳಲ್ಲಿ ಇದೊಂದು.

ಇಷ್ಟೆಲ್ಲ ಒಬ್ಬನೇ ಮಾಡಿದರೂ ಪೆಟ್ಟಿಗೆಯ ಮೇಲೆ ಅವನ ಹೆಸರಿಲ್ಲ. ಆಟಗಳನ್ನು ರಚಿಸಿದವರ ಹೆಸರನ್ನು ಅಚ್ಚುಮಾಡುವ ವಾಡಿಕೆ ಆ ಸಂಸ್ಥೆಯಲ್ಲಿ ಇರಲಿಲ್ಲ. ಆತನೇ ಮುಂದೆ ಹೇಳಿರುವಂತೆ, ಒಂದಕ್ಕೆ ೨೫ ಡಾಲರಿನಂತೆ ಆಟದ ಹತ್ತು ಲಕ್ಷ ಪ್ರತಿಗಳು ಮಾರಾಟವಾದವು. ಆತನ ಸಂಬಳ ವರ್ಷಕ್ಕೆ ೨೨,೦೦೦ ಡಾಲರ್. ಹಣದ ಮಾತು ಹಾಗಿರಲಿ. ಹೊಯ್ಸಳರ ಕಾಲದ ರೂವಾರಿಗೂ ದೊರೆತ ಗೌರವ ಇವನಿಗೆ ದೊರೆಯಲಿಲ್ಲ. ಬೇಲೂರಿನ ಮದನಿಕೆಯ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರುಂಟು. ಸೋಮನಾಥಪುರದ ಮೂರ್ತಿಗಳ ಪೀಠಗಳಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಬರುತ್ತದೆ. ಓಲೆಗರಿಯ ಲಿಪಿಕಾರನೂ ಕೊನೆಯ ಗರಿಯಲ್ಲಿ ತನ್ನ ಹೆಸರಿಗೆ ಒಂದು ಸಾಲಿನ ಜಾಗವನ್ನು ಉಳಿಸಿಕೊಳ್ಳುತ್ತಿದ್ದ.

ರಾಬಿನೆಟ್ ಅದೇ ಕೆಲಸ ಮಾಡಿದ, ಆದರೆ ಕಳ್ಳತನದಲ್ಲಿ. ಒಂದೊಂದು ಬೈಟನ್ನೂ ಹಿಂಡಿ ಉಳಿಸಿದವನು, ಕಾರ್ಟ್ರಿಜ್ಜಿನ ಸುಮಾರು ಶೇಕಡ ೫ ಭಾಗವನ್ನು ತನ್ನ ಹೆಸರಿನ ಕೋಣೆಗೆ ವೆಚ್ಚಮಾಡಿದ. ಸಹೋದ್ಯೋಗಿಗಳಿಗೂ ಹೇಳಲಿಲ್ಲ. ಕರಿಯ ಕೋಟೆಯೊಳಗಿನ ಚಕ್ರವ್ಯೂಹದಲ್ಲಿ, ಸೇತುವೆಯಿಲ್ಲದೆ ಹೊಗಲಾಗದ ಒಂದು ಸಂದಿಯಲ್ಲಿ, ನೆಲದ ಬಣ್ಣದ್ದೇ ಆದ ಒಂದು ಬೂದು ಚುಕ್ಕಿಯುಂಟು. ಕಣ್ಣಿಗೆ ಕಾಣದು, ಮುಟ್ಟಿದರೆ ಮಾತ್ರ ಕೈಗೆ ಹತ್ತುತ್ತದೆ. ಅದನ್ನು ಹಳದಿ ಕೋಟೆಯ ಸಮೀಪದ ಒಂದು ದಾರಿಗೆ ಒಯ್ದು, ಅಲ್ಲಿಗೆ ಬೇರೆ ವಸ್ತುಗಳನ್ನೂ ತಂದು ಹಾಕಿದರೆ ಕೋಣೆ ಮಿಣುಕತೊಡಗುತ್ತದೆ. ಆಗ ಅಲ್ಲಿಯ ಗೋಡೆ ನಾಯಕನಿಗೆ ದಾರಿ ಬಿಡುತ್ತದೆ. ಯಂತ್ರದ ಬಡತನದಿಂದ ಹುಟ್ಟಿದ ಮಿಣುಕಾಟವನ್ನೇ ಆತ ಗುಪ್ತದ್ವಾರದ ಕೀಲನ್ನಾಗಿ ಮಾಡಿಕೊಂಡಿದ್ದ. ಗೋಡೆಯ ಆಚೆಯ ಕೋಣೆಯಲ್ಲಿ, ಇದನ್ನು ನಿರ್ಮಿಸಿದವನು ವಾರೆನ್ ರಾಬಿನೆಟ್ ಎಂಬರ್ಥದ ಅಕ್ಷರಗಳು ಬಣ್ಣಬಣ್ಣವಾಗಿ ಹೊಳೆಯುತ್ತವೆ.

ಆಟ ಅಂಗಡಿಗೆ ಬರುವ ಹೊತ್ತಿಗೆ ಆತ ಕೆಲಸ ಬಿಟ್ಟಾಗಿತ್ತು. ೧೯೮೦ರಲ್ಲಿ ಸಾಲ್ಟ್ ಲೇಕ್ ನಗರದ ಹದಿನೈದು ವರ್ಷದ ಹುಡುಗನೊಬ್ಬನು ಆ ಕೋಣೆಯನ್ನು ಕಂಡು ಸಂಸ್ಥೆಗೆ ಪತ್ರ ಬರೆದ. ಹೆಸರನ್ನು ತೆಗೆದುಹಾಕುವುದಾದರೆ ಅಚ್ಚನ್ನೇ ಹೊಸದಾಗಿ ಮಾಡಿಸಬೇಕು. ಅದಕ್ಕೆ ಸುಮಾರು ೧೦,೦೦೦ ಡಾಲರ್ ಹಿಡಿಯುತ್ತಿತ್ತು. ಅಟಾರಿಯ ಸ್ಟೀವ್ ರೈಟ್ ಎಂಬಾತ, ಇರಲಿ ಬಿಡಿ, ಹುಡುಗರು ಇಂಥದನ್ನು ಹುಡುಕಿ ಸಂತೋಷಪಡಲಿ ಎಂಬ ಪಕ್ಷ ಹಿಡಿದ. ಈಸ್ಟರ್ ಹಬ್ಬದಲ್ಲಿ ಮಕ್ಕಳು ಬಚ್ಚಿಟ್ಟ ಮೊಟ್ಟೆಗಳನ್ನು ಹುಡುಕುವ ಪದ್ಧತಿಯನ್ನು ನೆನೆದು, ಇಂಥ ಗುಪ್ತವಸ್ತುವಿಗೆ 'ಈಸ್ಟರ್ ಎಗ್' ಎಂಬ ಹೆಸರನ್ನು ಕೊಟ್ಟವನೂ ಅವನೇ. ಇಂಥದರಲ್ಲಿ ಇದೇ ಮೊದಲನೆಯದು ಎಂದು ಬಹುಕಾಲ ಹೇಳುತ್ತಿದ್ದರು, ಅದು ಸರಿಯಲ್ಲ. ಅಟಾರಿಯದೇ ಆದ ೧೯೭೭ರ 'ಸ್ಟಾರ್‌ಷಿಪ್ ೧' ಎಂಬ ಆಟದಲ್ಲಿಯೂ ಅದನ್ನು ರಚಿಸಿದ ರಾನ್ ಮಿಲ್ನರನ ಹೆಸರು ಅಡಗಿದ್ದುದು ೨೦೧೭ರಲ್ಲಿ ಹೊರಬಿದ್ದಿತು. ನಲವತ್ತು ವರ್ಷ ಯಾರೂ ಹುಡುಕದೆ ಕುಳಿತಿದ್ದ ಅಂಕಿತ ಅದು.

ಹೆಸರಿನ ಪ್ರಶ್ನೆಯನ್ನು ಬೇರೆಯವರು ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡರು. ೧೯೭೯ರಲ್ಲಿ ಅಟಾರಿಯನ್ನು ಬಿಟ್ಟ ನಾಲ್ವರು ರಚನಕಾರರು ಕೂಡಿ ಆಕ್ಟಿವಿಷನ್ ಎಂಬ ಸಂಸ್ಥೆಯನ್ನು ತೆಗೆದು, ಆಟ ರಚಿಸಿದವರ ಹೆಸರನ್ನು ಬಹಿರಂಗವಾಗಿ ಅಚ್ಚುಮಾಡಿದರು. ರಾಬಿನೆಟ್ ಹಿಡಿದದ್ದು ಅಧ್ಯಾಪಕರಿಗೆ ಹತ್ತಿರವಾದ ದಾರಿ. ಮಕ್ಕಳ ಕಲಿಕೆಗಾಗಿ ಪ್ರೋಗ್ರಾಮುಗಳನ್ನು ರಚಿಸುವ ಲರ್ನಿಂಗ್ ಕಂಪೆನಿಯನ್ನು ೧೯೮೦ರಲ್ಲಿ ಸ್ಥಾಪಿಸಿದವರಲ್ಲಿ ಆತನೂ ಒಬ್ಬ. ಅಲ್ಲಿ ಲೆಸ್ಲಿ ಗ್ರಿಮ್ ಎಂಬಾಕೆಯೊಡನೆ ಸೇರಿ 'ರಾಕೀಸ್ ಬೂಟ್ಸ್' ಎಂಬ ಪಾಠದ ಆಟವನ್ನು ರಚಿಸಿದ. ೧೯೮೨ರಲ್ಲಿ ಅದು ಆಪಲ್ ೨ ಕಂಪ್ಯೂಟರಿಗೆ ಬಂದಿತು. 'ಇದೂ ಅದೂ', 'ಇದು ಅಥವಾ ಅದು', 'ಇದಲ್ಲ' ಎಂಬ ತರ್ಕದ ಮೂರು ಮೂಲ ಸಂಬಂಧಗಳನ್ನು ಮಕ್ಕಳು ತಂತಿ ಜೋಡಿಸಿ ಕಟ್ಟಿ ಕಲಿಯುವ ಆಟ ಅದು. ಕೋಣೆಯಿಂದ ಕೋಣೆಗೆ ಹೋಗುವುದು, ವಸ್ತುವನ್ನು ಮುಟ್ಟಿ ಎತ್ತುವುದು, ಪಕ್ಕದಲ್ಲಿ ಇಟ್ಟು ಜೋಡಿಸುವುದು ಎಲ್ಲ ಹಿಂದಿನಂತೆಯೇ. ಈ ಯಂತ್ರದಲ್ಲಿ ನೆನಪು ಎಷ್ಟೋ ಪಾಲು ಹೆಚ್ಚು. ಬೇಕೆಂದಿದ್ದರೆ ಕೈಕಾಲು ಮೋರೆಗಳುಳ್ಳ ಹುಡುಗನನ್ನೇ ಬರೆಯಬಹುದಾಗಿತ್ತು. ಅದರಲ್ಲಿಯೂ ಆಡುವವನು ಒಂದು ಚೌಕವೇ. ಬಣ್ಣ ಕಿತ್ತಳೆ.